ಕಾಲು ಕೆಳಗಿಡಬೇಡಿ: ಹಳೆಯ ಮೂರು ಗಾಲಿಯ ಎಟಿಸಿ ಕೊಳ್ಳುವವರಿಗೂ ಓಡಿಸುವವರಿಗೂ ಸೂಚನೆ

ಈ ಸೂಚನೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ. ಹಳೆಯ ಮೂರು ಗಾಲಿಯ ಎಟಿಸಿಯೊಂದನ್ನು (ಆಲ್ ಟೆರೇನ್ ಸೈಕಲ್, ರಸ್ತೆಯಿಲ್ಲದ ನೆಲದಲ್ಲಿ ಓಡುವ ಗಾಡಿ) ಕೊಂಡು, ಗ್ಯಾರೇಜಿನಲ್ಲಿ ಬಿಚ್ಚಿ ಕಟ್ಟಿ, ಮರಳುದಿಬ್ಬಕ್ಕೋ ಕಾಡುದಾರಿಗೋ ಒಯ್ದು ಓಡಿಸಬೇಕೆಂದಿರುವವರು ಮೊದಲು ಇದನ್ನು ಓದಿ. ಹೋಂಡಾ ಎಟಿಸಿ90 ಇರಲಿ, ಎಟಿಸಿ250ಆರ್ ಇರಲಿ, ಯಮಹಾ ಟ್ರೈ-ಝೀ ಇರಲಿ, ಕವಾಸಾಕಿ ಟೆಕಾಟೆ ಇರಲಿ, ಕೆಳಗಿನ ಮಾತು ಎಲ್ಲಕ್ಕೂ ಸಲ್ಲುತ್ತದೆ. ಊರಿನಲ್ಲಿ ವರ್ಷಗಟ್ಟಲೆ ಬೈಕು ಓಡಿಸಿ ಬಂದವರು ಬೇರೆಯವರಿಗಿಂತ ಹೆಚ್ಚು ಗಮನವಿಟ್ಟು ಓದಬೇಕು. ಬೈಕಿನ ಮೇಲೆ ಕಲಿತ ಅಭ್ಯಾಸವೇ ಇಲ್ಲಿ ಕಾಲು ಮುರಿಯುತ್ತದೆ.

ಗಾಡಿಯ ಹಿನ್ನೆಲೆ ಗೊತ್ತಿರಲಿ. ಚಳಿಗಾಲ ಬಂತೆಂದರೆ ಹೋಂಡಾದ ಅಮೆರಿಕನ್ ಡೀಲರುಗಳಿಗೆ ಬೈಕು ವ್ಯಾಪಾರ ಬಿದ್ದುಹೋಗುತ್ತಿತ್ತು. ಹಿಮದಲ್ಲೂ ಮರಳಿನಲ್ಲೂ ಓಡುವಂಥದ್ದೊಂದು ಬೇಕೆಂದಾಗ ಎಂಜಿನಿಯರ್ ಒಸಾಮು ತಕೆಉಚಿ ರೂಪಿಸಿದ್ದು ಇದು. 1970ರಲ್ಲಿ ಯುಎಸ್90 ಎಂಬ ಹೆಸರಿನಲ್ಲಿ ಬಂತು, ಮುಂದೆ ಎಟಿಸಿ90 ಆಯಿತು. 89 ಸಿಸಿ ಎಂಜಿನ್ನು. ಸ್ಪ್ರಿಂಗಿಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ, ಬಲೂನಿನಂತೆ ಉಬ್ಬಿದ ಟೈರುಗಳೇ ಎಲ್ಲ. 1971ರ ಜೇಮ್ಸ್ ಬಾಂಡ್ ಚಿತ್ರ ‘ಡೈಮಂಡ್ಸ್ ಆರ್ ಫಾರೆವರ್’ನಲ್ಲಿ ಶಾನ್ ಕಾನರಿ ಹತ್ತಿ ಓಡಿಸಿದ್ದು ಇದನ್ನೇ. ಹತ್ತು ಹದಿನೈದು ವರ್ಷಗಳಲ್ಲಿ ಸಾಧು ಗಾಡಿ ರೇಸಿನ ಗಾಡಿಯಾಯಿತು: 1981ರಲ್ಲಿ ಟೂ-ಸ್ಟ್ರೋಕಿನ ಎಟಿಸಿ250ಆರ್, 1984ರಲ್ಲಿ ಟೆಕಾಟೆ, 1985ರಲ್ಲಿ ಟ್ರೈ-ಝೀ ಮತ್ತು ಎಟಿಸಿ350ಎಕ್ಸ್. ಶಕ್ತಿ ಹಲವು ಪಟ್ಟು ಏರಿತು, ಗಾಲಿ ಮೂರೇ ಉಳಿದವು.

ಅಪಘಾತಗಳೂ ಏರಿದವು. ಸತ್ತವರಲ್ಲಿ 16 ತುಂಬದ ಮಕ್ಕಳ ಪಾಲು ದೊಡ್ಡದಿತ್ತು. 1987ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ತಯಾರಕರ ಮೇಲೆ ದಾವೆ ಹೂಡಿತು. 1988ರ ಏಪ್ರಿಲಿನಲ್ಲಿ ನ್ಯಾಯಾಲಯ ಒಪ್ಪಿದ ರಾಜಿ ತೀರ್ಪಿನಂತೆ ಹೋಂಡಾ, ಯಮಹಾ, ಸುಜುಕಿ, ಕವಾಸಾಕಿ, ಪೊಲಾರಿಸ್ ಕಂಪನಿಗಳು ಹೊಸ ಮೂರು ಗಾಲಿಯ ಗಾಡಿಗಳ ಮಾರಾಟ ಕೈಬಿಟ್ಟವು. ಆ ತೀರ್ಪಿನ ಅವಧಿ 10 ವರ್ಷ. ಅದು ಮುಗಿದ ಮೇಲೆ 2008ರ ಕಾಯ್ದೆಯೊಂದು ಹೊಸ ಮೂರು ಗಾಲಿಯವುಗಳ ಆಮದಿಗೂ ತಡೆ ಹಾಕಿತು. ಆದರೆ ಜನರ ಮನೆಗಳಲ್ಲಿ ಆಗಲೇ ಇದ್ದ ಗಾಡಿಗಳು ಅಲ್ಲೇ ಉಳಿದವು. ನಿಮ್ಮ ಕೈಗೆ ಬರುವುದು ಅಂಥದ್ದೊಂದು. ಅದನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ. ಹಾಗಾಗಿಯೇ ಅದರ ಹೊಣೆ ಪೂರ್ತಿ ನಿಮ್ಮದು.

ಕೊಳ್ಳುವಾಗ

ಫ್ರೇಮಿನ ಮೇಲಿನ ನಂಬರನ್ನೂ ಎಂಜಿನ್ನಿನ ನಂಬರನ್ನೂ ಓದಿ, ಬರೆದುಕೊಳ್ಳಿ, ಮಾರುವವರಿಂದ ಸಹಿ ಮಾಡಿದ ರಸೀದಿ ಪಡೆಯಿರಿ. ನಂಬರು ಉಜ್ಜಿ ಅಳಿಸಿದ್ದರೆ ಅಲ್ಲಿಂದ ಎದ್ದು ಬನ್ನಿ. ಎಷ್ಟು ಅಗ್ಗವಾಗಿ ಕೊಟ್ಟರೂ ಬೇಡ.

ಹೊಸ ಬಣ್ಣಕ್ಕೆ ಮರುಳಾಗಬೇಡಿ. ಬಿರುಕು ಬಿಟ್ಟ ಫ್ರೇಮನ್ನು ದಪ್ಪ ಪೌಡರ್ ಕೋಟಿಂಗ್ ಚೆನ್ನಾಗಿ ಮುಚ್ಚಿಡುತ್ತದೆ. ಹ್ಯಾಂಡಲಿನ ಕೊರಳು, ಫುಟ್‌ರೆಸ್ಟ್ ಬೆಸೆದ ಜಾಗ, ಹಿಂದಿನ ಆಕ್ಸಲ್ ಕೂರುವ ಜಾಗ, ಈ ಮೂರನ್ನು ಟಾರ್ಚು ಹಿಡಿದು ನೋಡಿ. ಹಿಂಭಾಗವನ್ನು ಎತ್ತಿ ನಿಲ್ಲಿಸಿ ಗಾಲಿಯನ್ನು ಕೈಯಲ್ಲಿ ತಿರುಗಿಸಿ: ಆಕ್ಸಲ್ ಬಾಗಿದ್ದರೆ ಗಾಲಿ ಓಲಾಡುವುದು ಕಣ್ಣಿಗೇ ಕಾಣುತ್ತದೆ. ಗಾಲಿ ಹಿಡಿದು ಅಲುಗಾಡಿಸಿದಾಗ ಕಟಕಟ ಎಂದರೆ ಬೇರಿಂಗೋ ಹಬ್ಬಿನ ಹಲ್ಲುಗಳೋ ಸವೆದಿವೆ. ಇವುಗಳ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ.

ಗ್ಯಾರೇಜಿನಲ್ಲಿ

ಮೊದಲು ಜೀವ ಉಳಿಸುವ ಭಾಗಗಳು, ಆಮೇಲೆ ಓಡಿಸುವ ಭಾಗಗಳು, ಕಟ್ಟಕಡೆಗೆ ಕಣ್ಣಿಗೆ ಕಾಣುವ ಭಾಗಗಳು. ಅಂದರೆ ಟೈರು, ಬ್ರೇಕು, ಆಕ್ಸಲ್, ಹ್ಯಾಂಡಲ್, ಆಕ್ಸಿಲರೇಟರ್ ಕೇಬಲ್ ಮೊದಲು. ಎಂಜಿನ್ನು ಆಮೇಲೆ. ಬಣ್ಣ, ಸ್ಟಿಕ್ಕರು, ಸೀಟಿನ ಹೊದಿಕೆ ಕೊನೆಗೆ. ಈ ಕ್ರಮ ತಪ್ಪಿಸಬೇಡಿ. ಎಂಜಿನ್ನು ಶುರುವಾದ ಕ್ಷಣದಲ್ಲಿ ಒಂದು ಸುತ್ತು ಹೋಗಿಬರೋಣ ಎನ್ನಿಸದ ಮನುಷ್ಯನಿಲ್ಲ. ಆ ಹೊತ್ತಿಗೆ ಬ್ರೇಕು ಸಿದ್ಧವಾಗಿರಲೇಬೇಕು.

ಸರ್ವಿಸ್ ಮ್ಯಾನ್ಯುಯಲ್ ಇಲ್ಲದೆ ಒಂದು ನಟ್ಟೂ ಬಿಚ್ಚಬೇಡಿ. ನಿಮ್ಮದೇ ಮಾದರಿಯ, ನಿಮ್ಮದೇ ವರ್ಷದ ಪುಸ್ತಕ ಬೇಕು. ಬಿಚ್ಚುವ ಮೊದಲು ಪ್ರತಿ ಹಂತದ ಫೋಟೋ ತೆಗೆಯಿರಿ. ಬಿಚ್ಚಿದ ಬೋಲ್ಟುಗಳನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ, ಯಾವ ಭಾಗದ್ದು ಎಂದು ಬರೆದು ಬೇರೆ ಬೇರೆ ಚೀಲಕ್ಕೆ ಹಾಕಿ.

ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರನ್ನು ಎಂಜಿನ್ನಿನ ಸ್ಕ್ರೂಗಳಿಗೆ ಹಾಕಬೇಡಿ. ಇವು ಜಪಾನಿನ ಜೆಐಎಸ್ ಅಳತೆಯವು. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಸಣ್ಣದೊಂದು ಚುಕ್ಕೆ ಇರುತ್ತದೆ. ನೋಡಲು ಫಿಲಿಪ್ಸ್ ತಲೆಯಂತೆಯೇ ಕಂಡರೂ ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಬಲ ಹಾಕಿದ ಕೂಡಲೇ ಜಾರಿ ತಲೆಯನ್ನು ಕೆತ್ತಿಹಾಕುತ್ತದೆ. ನಲವತ್ತು ವರ್ಷ ಕಚ್ಚಿಕೊಂಡಿದ್ದ ಸ್ಕ್ರೂವಿನ ತಲೆ ಹೋದರೆ ಡ್ರಿಲ್ಲೇ ಗತಿ. ಜೆಐಎಸ್ ತುದಿ ಕೊಳ್ಳಿ, ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಇಟ್ಟುಕೊಳ್ಳಿ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿರಿ. ಮತ್ತೆ ಬಿಗಿಯುವಾಗ ಟಾರ್ಕ್ ರೆಂಚ್ ಬಳಸಿ. ಅಲ್ಯೂಮಿನಿಯಂ ಕೇಸಿನ ಮರೆ ಕೈಯಂದಾಜಿಗೆ ಉಳಿಯುವುದಿಲ್ಲ.

ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಹಿಡಿದು ಊದಬೇಡಿ, ಒಣ ಬ್ರಷ್ಷಿನಿಂದ ಕೊಡವಬೇಡಿ. ಆ ಕಾಲದ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮಾಸ್ಕ್ ಹಾಕಿ, ಒದ್ದೆ ಮಾಡಿ, ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗದಲ್ಲಿ ವೆಲ್ಡಿಂಗ್ ಮಾಡುವುದಂತೂ ಕೂಡದೇ ಕೂಡದು: ಕ್ಲೋರಿನ್ ಇರುವ ಕ್ಲೀನರು ಆ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ಪೆಟ್ರೋಲ್ ಟ್ಯಾಂಕಿನ ಮೇಲೆ ಬೆಂಕಿ ತೋರಿಸಬೇಡಿ. ತೂತು ಎಷ್ಟೇ ಸಣ್ಣದಿರಲಿ, ಟ್ಯಾಂಕು ಖಾಲಿಯಾಗಿ ವರ್ಷಗಳೇ ಆಗಿರಲಿ, ಒಳಗಿನ ಆವಿ ಸಿಡಿಯಲು ಸಾಕು. ಟ್ಯಾಂಕಿನ ಬೆಸುಗೆಯನ್ನು ಅದೇ ಕಸುಬಿನವರಿಗೆ ಬಿಡಿ. ಒಳಗಿನ ತುಕ್ಕಿಗೆ ವಿನೆಗರ್ ಸಾಕಾಗುತ್ತದೆ. ಒಂದೆರಡು ದಿನ ತುಂಬಿಟ್ಟು, ಚೆಲ್ಲಿ, ಅಡಿಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ತಡ ಮಾಡಿದರೆ ಗಂಟೆಯೊಳಗೆ ಹೊಸ ತುಕ್ಕು ಏಳುತ್ತದೆ. ವಿದ್ಯುತ್ ಹಾಯಿಸಿ ತುಕ್ಕು ತೆಗೆಯುವವರು ಸ್ಟೇನ್‌ಲೆಸ್ ಸ್ಟೀಲಿನ ಸರಳನ್ನು ಬಳಸಲೇಬಾರದು. ಅದರಿಂದ ನೀರಿಗಿಳಿಯುವ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಸಾದಾ ಕಬ್ಬಿಣದ ಸರಳು ಹಾಕಿ, ಗ್ಯಾರೇಜಿನ ಬಾಗಿಲು ತೆರೆದಿಡಿ.

ಹಳೆಯ ಪೆಟ್ರೋಲ್ ಪೈಪನ್ನು ಎಸೆಯಿರಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲು ಆ ಕಾಲದ ರಬ್ಬರನ್ನು ತಿಂದುಹಾಕುತ್ತದೆ. ಕಾರ್ಬುರೇಟರಿನ ಜೆಟ್ಟುಗಳನ್ನು ಸ್ಟೀಲ್ ತಂತಿಯಿಂದ ಚುಚ್ಚಬೇಡಿ. ಹಿತ್ತಾಳೆಯ ಆ ತೂತು ಕೂದಲೆಳೆಯಷ್ಟು ಅಗಲವಾದರೂ ಅಳತೆ ಕೆಡುತ್ತದೆ. ಫೋಮಿನ ಏರ್ ಫಿಲ್ಟರ್ ಮುಟ್ಟಿದರೆ ಪುಡಿಯಾಗುವಂತಿದ್ದರೆ ಹೊಸದು ಹಾಕಿ, ಎಣ್ಣೆ ಹಚ್ಚಿ. ಮರಳಿನಲ್ಲಿ ಓಡುವ ಎಂಜಿನ್ನಿಗೆ ಫಿಲ್ಟರು ಇಲ್ಲದಿದ್ದರೆ ಪಿಸ್ಟನ್ ರಿಂಗು ಬೇಗನೆ ಸವೆದುಹೋಗುತ್ತದೆ.

ಟೂ-ಸ್ಟ್ರೋಕ್ ಗಾಡಿ ಕೊಂಡವರಿಗೆ ಒಂದು ಕಡ್ಡಾಯ ಕೆಲಸವಿದೆ: ಕ್ರ್ಯಾಂಕಿನ ಎರಡೂ ಬದಿಯ ಸೀಲುಗಳನ್ನು ಬದಲಿಸಿ, ಗಾಳಿ ಸೋರಿಕೆಯ ಪರೀಕ್ಷೆ ಮಾಡಿದ ಮೇಲೆಯೇ ಎಂಜಿನ್ನು ಜೋರು ಮಾಡಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ಸೀಲುಗಳು ಗಟ್ಟಿಯಾಗಿರುತ್ತವೆ. ಅಲ್ಲಿಂದ ಹೊರಗಿನ ಗಾಳಿ ನುಗ್ಗಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ, ಪಿಸ್ಟನ್ ಕಾದು, ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಎಂಜಿನ್ನು ಕಚ್ಚಿದ ಕ್ಷಣ ಎರಡೂ ಹಿಂಗಾಲಿಗಳು ಒಟ್ಟಿಗೆ ನಿಲ್ಲುತ್ತವೆ, ನೀವು ಹ್ಯಾಂಡಲಿನ ಮೇಲಿಂದ ಹಾರುತ್ತೀರಿ. ಪೆಟ್ರೋಲಿಗೆ ಆಯಿಲ್ ಬೆರೆಸುವ ಪ್ರಮಾಣವನ್ನು ಮ್ಯಾನ್ಯುಯಲ್ ನೋಡಿಯೇ ಬೆರೆಸಿ, ಕಣ್ಣಂದಾಜು ಬೇಡ.

ಮರಳು ಬ್ಲಾಸ್ಟಿಂಗಿಗೆ ಎಂಜಿನ್ ಕೇಸನ್ನು ಬೇರಿಂಗಿನ ಸಮೇತ ಕಳಿಸಬೇಡಿ. ಎಷ್ಟು ಮುಚ್ಚಿದರೂ ಮರಳಿನ ಕಣ ಒಳಗೆ ಸೇರುತ್ತದೆ. ಫ್ರೇಮಿನ ಮೇಲೆ ಕಂಪನಿಯವರು ಅಂಟಿಸಿದ್ದ ಎಚ್ಚರಿಕೆಯ ಪಟ್ಟಿ ಹರಿದುಹೋಗಿದ್ದರೆ ಹೊಸದು ತರಿಸಿ ಅಂಟಿಸಿ. ಅಂದದ ಸ್ಟಿಕ್ಕರಿಗೆ ಹುಡುಕಾಡುವವರು ಇದನ್ನು ಬಿಟ್ಟುಬಿಡುತ್ತಾರೆ, ಅದು ಸರಿಯಲ್ಲ.

ಟೈರು ಮತ್ತು ಗಾಳಿ

ಇದಕ್ಕೆ ಬೇರೆ ಭಾಗವೇ ಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಮಿಕ್ಕ ದುಡಿಮೆಯೆಲ್ಲ ವ್ಯರ್ಥ.

ಕಾರಿನ ಟೈರಿಗೆ 30 ಪಿಎಸ್‌ಐ ಆಸುಪಾಸು ಗಾಳಿ ಹಾಕುತ್ತೇವೆ. ಎಟಿಸಿ90ರಂಥ ಹಳೆಯ ಮಾದರಿಗಳಿಗೆ ಬೇಕಾದ್ದು 2 ಪಿಎಸ್‌ಐಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಪೆಟ್ರೋಲ್ ಬಂಕಿನ ಮೀಟರು ಆ ಅಂಕಿಯನ್ನು ಸರಿಯಾಗಿ ತೋರಿಸುವುದೇ ಇಲ್ಲ. ಎಟಿವಿಗೆಂದೇ (ಇಂಥ ಮೂರು, ನಾಲ್ಕು ಗಾಲಿಯ ಗಾಡಿಗಳಿಗೆಂದೇ) ಇರುವ ಕಡಿಮೆ ಒತ್ತಡದ ಗೇಜು ಕೊಂಡು, ಪ್ರತಿ ಸವಾರಿಗೂ ಮುನ್ನ, ಟೈರು ತಣ್ಣಗಿರುವಾಗ ನೋಡಿ. ಗಾಳಿ ಹೆಚ್ಚಾದರೆ ಸಸ್ಪೆನ್ಷನ್ ಇಲ್ಲದ ಗಾಡಿ ಉಬ್ಬು ಕಂಡಲ್ಲೆಲ್ಲ ಪುಟಿದು ನಿಮ್ಮನ್ನು ಎತ್ತಿ ಎಸೆಯುತ್ತದೆ. ಕಡಿಮೆಯಾದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು.

ಎರಡು ಹಿಂಟೈರುಗಳು ಒಂದೇ ಕಂಪನಿಯವು, ಒಂದೇ ಅಳತೆಯವು, ಒಂದೇ ಸವೆತದವು ಆಗಿರಬೇಕು. ಟೇಪು ಸುತ್ತಿ ಸುತ್ತಳತೆ ಅಳೆಯಿರಿ. ಒಂದು ಹೊಸದು ಒಂದು ಹಳೆಯದು ಹಾಕಿದರೆ ನೇರ ದಾರಿಯಲ್ಲೂ ಗಾಡಿ ಒಂದೇ ಬದಿಗೆ ಎಳೆಯುತ್ತದೆ. ಗಾಡಿಯ ಜೊತೆಗೇ ಬಂದ ಮೂಲ ಟೈರು ಸಿಕ್ಕಿತೆಂದು ಹಿಗ್ಗುವವರಿಗೆ ಹೇಳುವುದು ಇಷ್ಟು: ಅದನ್ನು ಪ್ರದರ್ಶನಕ್ಕೆ ಇಟ್ಟುಕೊಳ್ಳಿ, ಅದರ ಮೇಲೆ ಸವಾರಿ ಬೇಡ. ಯುಎಸ್90ರ ಮೊದಲ ಟೈರುಗಳು ಹೊಸದಿದ್ದಾಗಲೇ ಕೊಯ್ಲಾದ ಹೊಲದ ಕೂಳೆ ಚುಚ್ಚಿ ಪಂಕ್ಚರ್ ಆಗುತ್ತಿದ್ದವು. ಇಷ್ಟು ವರ್ಷ ಒಣಗಿದ ರಬ್ಬರಿನ ಮಾತು ಹೇಳಬೇಕಾಗಿಲ್ಲ.

ಟೈರನ್ನು ರಿಮ್ಮಿಗೆ ಕೂರಿಸುವಾಗ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿ ಮೀರಿ ಗಾಳಿ ತುಂಬಬೇಡಿ. ಕೂರದಿದ್ದರೆ ಗಾಳಿ ಬಿಟ್ಟು, ಸಾಬೂನು ನೀರು ಹಚ್ಚಿ, ಮತ್ತೆ ಪ್ರಯತ್ನಿಸಿ. ಇನ್ನಷ್ಟು, ಇನ್ನಷ್ಟು ಎಂದು ತುಂಬುತ್ತ ಹೋದವರ ಮುಖಕ್ಕೇ ಅದು ಸಿಡಿಯುತ್ತದೆ. ತುಕ್ಕು ತಿಂದ ರಿಮ್ಮಿನಲ್ಲಿ ಈ ಅಪಾಯ ಇಮ್ಮಡಿ.

ಆಕ್ಸಲಿನ ನಟ್ಟುಗಳನ್ನು ಹೇಳಿದ ಟಾರ್ಕಿಗೆ ಬಿಗಿದು, ಹೊಸ ಕಾಟರ್ ಪಿನ್ನು ಹಾಕಿ. ಮೊದಲ ಸವಾರಿಯಿಂದ ಬಂದ ಮೇಲೆ ಮತ್ತೊಮ್ಮೆ ನೋಡಿ.

ಹತ್ತುವ ಮೊದಲು

ನಮ್ಮೂರಿನ ಆಟೋಕ್ಕೂ ಮೂರೇ ಗಾಲಿ. ಆದರೆ ಆಟೋದ ಹಿಂಗಾಲಿಗಳ ನಡುವೆ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಸುತ್ತುತ್ತದೆ, ಒಳಗಿನದು ಕಡಿಮೆ. ಬಹುತೇಕ ಎಟಿಸಿಗಳಲ್ಲಿ ಅದಿಲ್ಲ. ಎರಡು ಗಾಲಿಗಳನ್ನೂ ಒಂದೇ ಆಕ್ಸಲಿಗೆ ಬಿಗಿದಿದೆ, ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದ್ದರಿಂದ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರಕ್ಕೇ ನುಗ್ಗುತ್ತದೆ. ಒಳಗಿನ ಹಿಂಗಾಲಿ ಸ್ವಲ್ಪ ಜಾರಿದರೆ ಮಾತ್ರ ಅದು ತಿರುಗುತ್ತದೆ. ಅದನ್ನು ಜಾರಿಸುವುದು ನಿಮ್ಮ ಮೈಭಾರ.

ಹೀಗೆ ಮಾಡಿ: ತಿರುವಿಗೆ ಮುಂಚೆಯೇ ವೇಗ ಇಳಿಸಿ. ಸೀಟಿನಲ್ಲಿ ಮುಂದಕ್ಕೆ ಸರಿಯಿರಿ. ಮೈಯನ್ನು ತಿರುವಿನ ಒಳಬದಿಗೆ ವಾಲಿಸಿ, ಆದರೆ ಭಾರವನ್ನು ಹೊರಬದಿಯ ಫುಟ್‌ರೆಸ್ಟಿನ ಮೇಲೆ ಊರಿ. ಒಳಗಾಲಿಯ ಮೇಲಿನ ಒತ್ತಡ ಇಳಿದು ಅದು ಜಾರುತ್ತದೆ, ಗಾಡಿ ತಿರುಗುತ್ತದೆ. ಬೈಕಿನಲ್ಲಿ ಗಾಡಿಯೇ ವಾಲುತ್ತದೆ, ನಾವು ಅದರ ಜೊತೆ ಹೋಗುತ್ತೇವೆ. ಇದು ವಾಲುವುದಿಲ್ಲ. ನೀವು ಸುಮ್ಮನೆ ಕುಳಿತರೆ ಅದು ಹೊರಬದಿಗೆ ಮಗುಚುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ನಿಷೇಧ. ಗಾಡಿ ಚಲಿಸುತ್ತಿರುವಾಗ ಕಾಲನ್ನು ಫುಟ್‌ರೆಸ್ಟಿನಿಂದ ತೆಗೆಯಬೇಡಿ. ಮಗುಚುತ್ತದೆ ಅನ್ನಿಸಿದರೂ ತೆಗೆಯಬೇಡಿ. ತಿರುವಿನಲ್ಲಿ ಕಾಲು ಚಾಚುವುದು, ನಿಲ್ಲಿಸುವ ಮುಂಚೆಯೇ ಕಾಲೂರುವುದು ಬೈಕು ಓಡಿಸಿದ ಪ್ರತಿಯೊಬ್ಬರ ಮೈಗೂ ಹತ್ತಿದ ಅಭ್ಯಾಸ. ಇಲ್ಲಿ ನಿಮ್ಮ ಹಿಮ್ಮಡಿಯ ಹಿಂದೆಯೇ ಅಗಲವಾದ ಟೈರು ತಿರುಗುತ್ತಿರುತ್ತದೆ. ನೆಲಕ್ಕೆ ತಾಗಿದ ಪಾದವನ್ನು ಅದು ಹಿಡಿದು ಗಾಡಿಯ ಕೆಳಗೆ ಎಳೆದುಕೊಳ್ಳುತ್ತದೆ, ನಿಮ್ಮದೇ ಗಾಡಿ ನಿಮ್ಮದೇ ಕಾಲಿನ ಮೇಲೆ ಹತ್ತುತ್ತದೆ. ಈ ಅಭ್ಯಾಸವನ್ನು ಮುರಿಯಲು ಒಂದೇ ದಾರಿ: ಸಮತಟ್ಟಾದ ಬಯಲಿನಲ್ಲಿ, ನಡಿಗೆಯ ವೇಗದಲ್ಲಿ, ಎಂಟರ ಆಕಾರದಲ್ಲಿ ಸುತ್ತಿ ಸುತ್ತಿ ಬನ್ನಿ. ಕಾಲು ತಾನಾಗಿ ಫುಟ್‌ರೆಸ್ಟಿನಲ್ಲೇ ಉಳಿಯುವವರೆಗೆ ಮೂರನೇ ಗೇರಿಗೆ ಹೋಗಬೇಡಿ.

ಹೆಲ್ಮೆಟ್, ಕನ್ನಡಕ, ಕೈಗವಸು, ಹರಡು ಮುಚ್ಚುವ ಗಟ್ಟಿ ಬೂಟು: ನಾಲ್ಕೂ ಇರಬೇಕು. ಚಪ್ಪಲಿ ಹಾಕಿ ಹತ್ತುವವರನ್ನು ಇಳಿಸಿ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಟಕ್ಕನೆ ಹಿಂದಕ್ಕೆ ಬರುತ್ತದೆಯೇ, ಎಂಜಿನ್ ನಿಲ್ಲಿಸುವ ಸ್ವಿಚ್ಚು ಕೆಲಸ ಮಾಡುತ್ತದೆಯೇ ಎಂದು ಪ್ರತಿ ಸಲವೂ ನೋಡಿ.

ದಾರಿಯಲ್ಲಿ

ಡಾಂಬರು ರಸ್ತೆಗೆ ಇಳಿಸಬೇಡಿ. ಅಲ್ಲಿ ಗಾಲಿ ಜಾರುವುದಿಲ್ಲ, ಜಾರದಿದ್ದರೆ ಗಾಡಿ ತಿರುಗುವುದಿಲ್ಲ. ಮನೆಯಿಂದ ಪಕ್ಕದ ಬೀದಿಗೆ ಎಂದರೂ ಬೇಡ.

ಹಿಂದೆ ಯಾರನ್ನೂ ಕೂರಿಸಬೇಡಿ. ಸೀಟು ಉದ್ದವಾಗಿರುವುದು ಇನ್ನೊಬ್ಬರಿಗಾಗಿ ಅಲ್ಲ. ಸವಾರ ಹಿಂದೆ ಮುಂದೆ ಸರಿದಾಡಲು. ಹೆಂಡತಿ, ಗಂಡ, ಮಗು, ಗೆಳೆಯ, ಯಾರಿಗೂ ವಿನಾಯಿತಿ ಇಲ್ಲ. ಹಿಂದೆ ಕುಳಿತವರು ನಿಮ್ಮ ಮೈಯನ್ನು ಕಟ್ಟಿಹಾಕುತ್ತಾರೆ, ಭಾರವನ್ನು ಹಿಂಗಾಲಿಯ ಹಿಂದಕ್ಕೆ ಒಯ್ಯುತ್ತಾರೆ, ಏರಿನಲ್ಲಿ ಮುಂಗಾಲಿ ಮೇಲೇಳುತ್ತದೆ.

ಏರು ಹತ್ತುವಾಗ ತಳದಲ್ಲೇ ಸಣ್ಣ ಗೇರಿಗೆ ಬನ್ನಿ, ಮುಂದಕ್ಕೆ ಬಾಗಿ, ಆಕ್ಸಿಲರೇಟರನ್ನು ಒಂದೇ ಸಮ ಹಿಡಿಯಿರಿ. ನಡುವೆ ಜಗ್ಗಿದರೆ ಗಾಡಿ ಹಿಮ್ಮೊಗವಾಗಿ ಮಗುಚಿ ನಿಮ್ಮ ಮೇಲೆ ಬೀಳುತ್ತದೆ. ಎಂಜಿನ್ನು ನಿಂತರೆ ಬ್ರೇಕು ಹಿಡಿದು, ಮೈಯನ್ನು ಮೇಲ್ಬದಿಗೆ ಇಟ್ಟುಕೊಂಡು, ಮೇಲ್ಬದಿಗೇ ಇಳಿಯಿರಿ. ಹಿಂದಕ್ಕೆ ಉರುಳಲು ಬಿಡಬೇಡಿ. ಇಳಿಜಾರಿಗೆ ಅಡ್ಡಲಾಗಿ ಹೋಗುವುದನ್ನು ಆದಷ್ಟು ತಪ್ಪಿಸಿ.

ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಮರಳುದಿಬ್ಬಗಳಿಗೆ ಹೋಗುವವರು ನೆಲದಿಂದ 8 ಅಡಿ ಎತ್ತರಕ್ಕೆ ನಿಲ್ಲುವ ಕೋಲು ಕಟ್ಟಿ ಅದರ ತುದಿಗೆ ಬಾವುಟ ಹಾಕಬೇಕು. ಇದು ಅಲ್ಲಿನ ಕಾನೂನು, ಕಾರಣವೂ ಗಟ್ಟಿಯಾದದ್ದು: ದಿಬ್ಬದ ಆಚೆ ಬರುತ್ತಿರುವವರಿಗೆ ಮೊದಲು ಕಾಣುವುದು ಆ ಬಾವುಟವೇ. ದಿಬ್ಬಕ್ಕೆ ಗಾಳಿ ಬೀಸುವ ಬದಿ ನಿಧಾನದ ಏರು, ಆಚೆ ಬದಿ ಕಡಿದಾದ ಇಳಿಕೆ. ಗಾಳಿ ಅದನ್ನು ದಿನವೂ ಬದಲಿಸುತ್ತದೆ. ನಿನ್ನೆ ಹಾರಿದ ದಿಬ್ಬವೆಂದು ಇಂದು ನೋಡದೆ ಹಾರಬೇಡಿ. ತುದಿಯಲ್ಲಿ ವೇಗ ಇಳಿಸಿ, ಓರೆಯಾಗಿ ಬಂದು, ಆಚೆ ನೋಡಿ, ಆಮೇಲೆ ಇಳಿಯಿರಿ.

ಕಾಡುದಾರಿಯಲ್ಲಿ ಸೈಲೆನ್ಸರಿನ ಕಿಡಿತಡೆ (ಸ್ಪಾರ್ಕ್ ಅರೆಸ್ಟರ್) ಇರಲೇಬೇಕು. ಸದ್ದು ಚೆನ್ನಾಗಿರುತ್ತದೆಂದು ಅದನ್ನು ಕಿತ್ತುಹಾಕಿದ ಗಾಡಿಗಳು ಎಷ್ಟೋ ಇವೆ. ಕೊಂಡ ಮೇಲೆ ಮೊದಲು ಅದನ್ನು ಪತ್ತೆ ಹಚ್ಚಿ, ಇಲ್ಲದಿದ್ದರೆ ಹಾಕಿಸಿ. ಸೈಲೆನ್ಸರು ಬಿಸಿಯಿರುವಾಗ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ಒಂದು ಕಿಡಿ ಊರನ್ನೇ ಸುಡಬಲ್ಲದು.

ಪಿಕಪ್ ಟ್ರಕ್ಕಿಗೆ ಏರಿಸುವಾಗ ನಾಲ್ಕು ಗಾಲಿಯವುಗಳಿಗೆ ಬಳಸುವ ಎರಡು ಹಲಗೆ ಸಾಲದು. ಮುಂಗಾಲಿಗೆ ನಡುವೆ ಮೂರನೆಯದು ಬೇಕು, ಇಲ್ಲವೇ ಪೂರ್ತಿ ಅಗಲದ ಹಲಗೆ ಬೇಕು. ಕುಳಿತು ಏರಿಸಬೇಡಿ, ವಿಂಚ್‌ನಿಂದ ಎಳೆಯಿರಿ.

ಕುಡಿದು ಹತ್ತಬೇಡಿ. ಒಬ್ಬರೇ ಹೋಗಬೇಡಿ.

ಮಕ್ಕಳ ವಿಷಯ

16 ತುಂಬದವರಿಗೆ ಇದರ ಕೀಲಿ ಕೊಡಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈ ವಯಸ್ಸಿನೊಳಗಿನವರು ಯಾವ ಎಟಿವಿಯನ್ನೂ ಓಡಿಸಬಾರದೆಂದು ಹೇಳುತ್ತದೆ, ಅದರಲ್ಲಿ ನಾಲ್ಕು ಗಾಲಿಯವೂ ಸೇರಿವೆ. ಎಟಿಸಿ70ರಂಥ ಪುಟ್ಟ ಗಾಡಿ ನೋಡಲು ಆಟಿಕೆಯಂತಿದೆ, ಮಕ್ಕಳಿಗೆಂದೇ ಮಾಡಿದಂತಿದೆ. ಅದೂ ಮಗುಚುತ್ತದೆ. ಮೈಭಾರ ಸರಿಸಿ ಗಾಲಿ ಜಾರಿಸುವಷ್ಟು ತೂಕವೂ, ಆ ತೀರ್ಮಾನ ತೆಗೆದುಕೊಳ್ಳುವಷ್ಟು ತಾಳ್ಮೆಯೂ ಮಗುವಿಗಿರುವುದಿಲ್ಲ. ಮಗುವಿಗೆ ಆಸೆಯಿದ್ದರೆ ಗ್ಯಾರೇಜಿಗೆ ಕರೆದುಕೊಳ್ಳಿ. ಕಾರ್ಬುರೇಟರ್ ಬಿಚ್ಚಲಿ, ಸ್ಪ್ರಾಕೆಟ್ಟಿನ ಹಲ್ಲು ಎಣಿಸಲಿ, ಚೈನಿಗೆ ಎಣ್ಣೆ ಹಾಕಲಿ. ಓಡುವ ಯಂತ್ರದ ಮೇಲಿನ ಪ್ರೀತಿ ಅಲ್ಲಿಂದಲೇ ಹುಟ್ಟುತ್ತದೆ, ಸೀಟಿನ ಮೇಲೆ ಕೂರಬೇಕಾಗಿಲ್ಲ.

ಇದೇ ನಿಯಮ ಮಾರುವಾಗಲೂ ಇರಲಿ. ಮ್ಯಾನ್ಯುಯಲನ್ನೂ ಗಾಳಿಯ ಗೇಜನ್ನೂ ಗಾಡಿಯ ಜೊತೆಗೇ ಕೊಡಿ. ಕೊಳ್ಳಲು ಬಂದವರನ್ನು ಯಾರಿಗಾಗಿ ಎಂದು ಕೇಳಿ. ಹತ್ತು ವರ್ಷದ ಮಗನ ಹುಟ್ಟುಹಬ್ಬಕ್ಕೆ ಎಂದರೆ, ಕೇಳಿದ್ದಕ್ಕಿಂತ ಹೆಚ್ಚು ಹಣ ಕೊಟ್ಟರೂ ಮಾರಬೇಡಿ.